ಮೇಕೆ ಕೂದಲು ಅರಳುತ್ತಿಲ್ಲ, ದಾರ ಕಡಿಯುತ್ತಿದೆ: ಟ್ರೌಟ್ ಫ್ಲೈ ಕಟ್ಟಿದವರು ಯಾರಾದರೂ ಇದ್ದೀರಾ?

ರಿಂಗ್‌ಫ್ರೇಮ್ ರಿಟೈರ್ಡ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಮೂವತ್ತು ವರ್ಷ ಹತ್ತಿ ಮಿಲ್ಲಿನಲ್ಲಿ ರಿಂಗ್ ಫ್ರೇಮ್ (ನೂಲು ತೆಗೆಯುವ ಯಂತ್ರ) ಮುಂದೆ ನಿಂತವನು. ಕಡಿದ ಎಳೆ ಜೋಡಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ಈಗ ಅರವತ್ತೆಂಟನೇ ವಯಸ್ಸಿನಲ್ಲಿ ಮನೆಯಲ್ಲಿ ಕೂತು, ನಾನೇ ಎಳೆ ಕಡಿದುಕೊಂಡು ನನಗೆ ನಾನೇ ಬೈದುಕೊಳ್ಳುತ್ತಿದ್ದೇನೆ. ಮಿಲ್ಲಿನ ಹಳೆಯ ಗೆಳೆಯರಿಗೆ ಗೊತ್ತಾದರೆ ಮರ್ಯಾದೆ ಉಳಿಯುವುದಿಲ್ಲ.

ವಿಷಯ ಹೀಗಿದೆ. ಟ್ರೌಟ್ ಅಂದರೆ ತಣ್ಣೀರಿನ ಮೀನು, ಫ್ಲೈ ಅಂದರೆ ಅದನ್ನು ಹಿಡಿಯಲು ಕೊಕ್ಕೆಯ ಮೇಲೆ ಕೂದಲು, ಗರಿ ಕಟ್ಟಿ ಮಾಡುವ ಹುಸಿ ಹುಳ. ಹೋದ ವರ್ಷ ಮಗಳ ಮನೆಗೆ ಹೋಗಿದ್ದೆವು. ಅಮೆರಿಕದ ಕೊಲರಾಡೊದಲ್ಲಿ ಫೋರ್ಟ್ ಕಾಲಿನ್ಸ್ ಅಂತ ಊರು. ಅಳಿಯ ಭಾನುವಾರ ಬಂದರೆ ಗಾಳ ಹೊತ್ತುಕೊಂಡು ಪೂಡರ್ ನದಿಗೆ ಹೊರಡುತ್ತಾನೆ. ನಾನೂ ಸುಮ್ನೆ ಕೂರಲಾರದೆ ಜೊತೆಗೆ ಹೋದೆ. ಹರಿಹರದ ತುಂಗಭದ್ರೆಯಂಥ ಅಗಲ ಅದಕ್ಕಿಲ್ಲ. ಬಂಡೆಯಿಂದ ಬಂಡೆಗೆ ನೆಗೆಯುವ ನೀರು, ಕೈ ಇಟ್ಟರೆ ಬೆರಳು ಮರಗಟ್ಟುತ್ತದೆ. ಅಂಥ ನೀರಿಗೆ ಅಳಿಯ ಹೆಸರುಬೇಳೆಗಿಂತ ಸ್ವಲ್ಪ ದೊಡ್ಡದಾದ ಒಂದು ಕೂದಲಿನ ಉಂಡೆ ಎಸೆದ. ನೀರು ಅದನ್ನು ಒಳಗೆ ಎಳೆಯಿತು. ಮುಳುಗಿತು ಅಂದುಕೊಂಡೆ. ಎರಡು ಮಾರು ಮುಂದೆ ಬುಳಕ್ ಅಂತ ಮೇಲೆ ಬಂದು ಮತ್ತೆ ತೇಲತೊಡಗಿತು! ಅವತ್ತು ನನಗೆ ಮೀನಿಗಿಂತ ಆ ಉಂಡೆಯ ಮೇಲೇ ಕಣ್ಣು ಬಿತ್ತು.

ಅದರ ಹೆಸರು ಇರ್ರೆಸಿಸ್ಟಿಬಲ್. ಹಳೆಯ ಕಾಲದ ಡ್ರೈ ಫ್ಲೈ, ಅಂದರೆ ನೀರಿನ ಮೇಲೇ ತೇಲಬೇಕಾದ ಹುಸಿ ಹುಳ. ಬಾಲ ಜಿಂಕೆ ಕೂದಲಿನದು, ಮೈಯೂ ಜಿಂಕೆ ಕೂದಲಿನದು, ಅದನ್ನು ಕೊಕ್ಕೆಯ ಸುತ್ತ ಅರಳಿಸಿ ಬ್ಲೇಡಿನಲ್ಲಿ ಹೆರೆದಿರುತ್ತಾರೆ. ಮುಂದೆ ಎರಡು ರೆಕ್ಕೆ, ಅದರ ಸುತ್ತ ಹುಂಜದ ಕತ್ತಿನ ಗರಿ. ಅಲ್ಲಿಯ ಒಂದು ಅಂಗಡಿಯಲ್ಲಿ ವಾರಕ್ಕೊಂದು ಸಂಜೆ ಕಟ್ಟುವುದನ್ನು ಕಲಿಸುತ್ತಿದ್ದರು. ಕಲಿಸುವವರು ನನಗಿಂತ ಹಿರಿಯರು, ಕೈ ನಡುಗುತ್ತಿತ್ತು, ಆದರೆ ದಾರ ಹಿಡಿದರೆ ನಡುಕ ನಿಲ್ಲುತ್ತಿತ್ತು. ಅವರ ಪಕ್ಕದಲ್ಲಿ ಕೂತು ಎರಡು ಕಟ್ಟಿದೆ. ಮೊದಲನೆಯದು ಪಾತ್ರೆ ತಿಕ್ಕುವ ನಾರಿನ ಹಾಗೆ ಬಂತು. ಎರಡನೆಯದಕ್ಕೆ ಅವರು ತಲೆಯಾಡಿಸಿದರು.

ಬರುವಾಗ ಕೊಕ್ಕೆ (12ನೇ ಸೈಜು), ದಾರದ ಒಂದು ಉಂಡೆ, ಬಾಬಿನ್ ಹಿಡಿಕೆ (ದಾರದ ಉಂಡೆ ಹಿಡಿದು ಕೊಳವೆಯಿಂದ ದಾರ ಬಿಡುವ ಸಾಧನ) ತಂದೆ. ಜಿಂಕೆ ಕೂದಲಿನ ಪೊಟ್ಟಣವನ್ನು ಮಗಳು ಸೂಟ್‌ಕೇಸಿನಿಂದ ತೆಗೆದಿಟ್ಟಳು. "ಪ್ರಾಣಿ ಕೂದಲು, ಚರ್ಮ ಏನೂ ಬೇಡ ಅಪ್ಪಾಜಿ, ಏರ್‌ಪೋರ್ಟಲ್ಲಿ ನಿಮ್ಮನ್ನು ಯಾರು ಬಿಡಿಸಿಕೊಂಡು ಬರುತ್ತಾರೆ" ಅಂದಳು. ಬರುವ ಜೂನಿಗೆ ಮತ್ತೆ ಹೋಗುವವನಿದ್ದೇನೆ. ಅಷ್ಟರಲ್ಲಿ ಕೈ ಪಳಗಿಸಿಕೊಳ್ಳಬೇಕು ಅಂತ ಆಸೆ.

ಇಲ್ಲಿ ಲೇತ್ ಅಂಗಡಿಯವನಿಗೆ ಹೇಳಿ ಡ್ರಿಲ್ಲಿನ ಹಳೆಯ ಚಕ್ಕಿನಿಂದ ಕೊಕ್ಕೆ ಹಿಡಿಯುವ ಒಂದು ಸಣ್ಣ ವೈಸ್ ಮಾಡಿಸಿಕೊಂಡೆ, ಚೆನ್ನಾಗಿ ಹಿಡಿಯುತ್ತದೆ. ಮಟನ್ ಅಂಗಡಿಯಿಂದ ಮೇಕೆ ಕೂದಲು ತಂದು ಸೀಗೆಕಾಯಿ ಹಾಕಿ ತೊಳೆದೆ. (ಮನೆಯವಳು ಆ ಸೀಗೆಕಾಯಿ ಲೆಕ್ಕ ಇನ್ನೂ ಕೇಳುತ್ತಿದ್ದಾಳೆ.) ಆದರೆ ದಾರ ಬಿಗಿದರೆ ಅದು ಅರಳುವುದೇ ಇಲ್ಲ. ಪೊರಕೆಗೆ ಹಗ್ಗ ಕಟ್ಟಿದ ಹಾಗೆ ಮಲಗಿಯೇ ಇರುತ್ತದೆ. ಇನ್ನೂ ಬಿಗಿದರೆ ದಾರ ಟಪ್ ಅಂತ ಕಡಿಯುತ್ತದೆ. ಅಂಗಡಿಯಲ್ಲಿ 70, 140 ಅಂತ ಎರಡು ನಂಬರಿನ ದಾರ ತೋರಿಸಿದ್ದರು. ನಾನು ದಪ್ಪನೆಯದು ಗಟ್ಟಿ ಇರಲಿ ಅಂತ 70 ತಂದೆ. ಅದೇ ಹೀಗೆ ಕಡಿದರೆ 140 ಇನ್ನು ಹೇಗೋ!

ಇನ್ನೊಂದು ಮಾತು, ಸ್ವಲ್ಪ ಸಂಕೋಚದಿಂದ ಕೇಳುತ್ತೇನೆ. ನಮ್ಮ ಸಂಬಂಧಿಕರ ಹಳ್ಳಿ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಒಂದು ಜಿಂಕೆ ಚರ್ಮ ಇದೆ. ಪೂಜೆಗೆ ಕೂರಲು ಇಟ್ಟುಕೊಂಡಿದ್ದಂತೆ. ಅದರಿಂದ ಒಂದು ಚಿಟಿಕೆ ಕೂದಲು ತೆಗೆದರೆ ತಪ್ಪಾಗುತ್ತದಾ?

ಸೂಳೆಕೆರೆ ಗಾಳ (ಚನ್ನಗಿರಿ)

ಯಜಮಾನ್ರೇ, ಎರೆಹುಳು ಹಾಕಿ ಗಾಳ ಬಿಡುವವನಿಗೆ ನಿಮ್ಮ ಕಥೆ ಓದಿ ನಗುವೂ ಬಂತು, ಹೊಟ್ಟೆಕಿಚ್ಚೂ ಆಯಿತು. ಒಂದು ಮೀನಿಗೆ ಬಾಲ, ಮೈ, ರೆಕ್ಕೆ, ಕಾಲರ್ ಎಲ್ಲ ಹೊಲಿದು ಕೊಡಬೇಕಾ? ನಮ್ಮ ಜಿಲೇಬಿ ಮೀನು ಚಪಾತಿ ಹಿಟ್ಟಿಗೇ ಬರುತ್ತದೆ.

ತೇಲುವುದೇ ಮುಖ್ಯ ಅಂದರೆ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ. ನಾನು ಕೊರವ ಹಿಡಿಯಲು ಚಪ್ಪಲಿಯ ಸ್ಪಂಜಿನಲ್ಲಿ ಕಪ್ಪೆ ಮಾಡುತ್ತೇನೆ. ಎಷ್ಟು ಸಲ ಎಸೆದರೂ ಮುಳುಗುವುದಿಲ್ಲ. ಕೆರೆಯಲ್ಲಿ ಪರೀಕ್ಷೆ ಮಾಡುವುದಾದರೆ ಮಾತ್ರ ಮೀನು ಗುತ್ತಿಗೆ ಹಿಡಿದವರನ್ನು ಒಂದು ಮಾತು ಕೇಳಿ. ಕೇಳದೆ ಕೂತು ನಾನು ಒಮ್ಮೆ ಗಾಳ, ಚೀಲ ಎರಡನ್ನೂ ಬಿಟ್ಟು ಬಂದಿದ್ದೇನೆ.

ಕೋಟೆ ಕೆಳಗಿನವ (ಚಿತ್ರದುರ್ಗ)

ಸರ್, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಆ ಚರ್ಮದಿಂದ ಒಂದು ಎಳೆಯನ್ನೂ ಕೀಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆ, ಕೃಷ್ಣಮೃಗ ಯಾವುದರ ಚರ್ಮವೂ ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ. ಅಜ್ಜನ ಕಾಲದ್ದಾದರೆ ಅದಕ್ಕೆ ಮಾಲೀಕತ್ವದ ಪ್ರಮಾಣಪತ್ರ ಮಾಡಿಸಿದ್ದಾರಾ ಅಂತ ಆ ಮನೆಯವರನ್ನು ಕೇಳಿ. ಇಲ್ಲದಿದ್ದರೆ ಅರಣ್ಯ ಇಲಾಖೆಯವರ ಹತ್ತಿರ ಅವರೇ ಹೋಗಿ ಮಾತಾಡುವುದು ಒಳ್ಳೆಯದು. ನಿಮ್ಮ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ ಇದೆ. ನಾಲ್ಕು ಕೊಂಬಿನ ಆ ಪುಟ್ಟ ಪ್ರಾಣಿ ಪೊದೆಯಿಂದ ಒಮ್ಮೆ ಎದ್ದು ಓಡಿದ್ದನ್ನು ನೋಡಿದ್ದೇನೆ. ನೋಡಿದ ಮೇಲೆ ಇಂಥ ಚಿಟಿಕೆ ಕೂದಲಿನ ಆಸೆ ತಾನಾಗಿಯೇ ಹೋಯಿತು. ನಿಮ್ಮ ಮಗಳು ಮಾಡಿದ್ದು ಸರಿ.

ಈಗ ಮೇಕೆ ಕೂದಲು. ದಾವಣಗೆರೆಯವರಿಗೆ ಇದನ್ನು ಹೇಳುವುದು ಸುಲಭ. ಮೇಕೆ ಕೂದಲು ಅಕ್ಕಿ, ಜಿಂಕೆ ಕೂದಲು ಮಂಡಕ್ಕಿ. ಚಳಿ ದೇಶದ ಜಿಂಕೆಯ ಮೈಕೂದಲಿನ ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗೂಡುಗಳು, ಅದರ ತುಂಬ ಗಾಳಿ. ಚಳಿಗೆ ಅದೇ ಅದರ ಕಂಬಳಿ. ದಾರ ಬಿಗಿದಾಗ ಬಿಗಿದ ಜಾಗದಲ್ಲಿ ಕೂದಲು ಚಪ್ಪಟೆಯಾಗಿ ಕುಸಿಯುತ್ತದೆ, ಎರಡೂ ತುದಿ ಎದ್ದು ನಿಲ್ಲುತ್ತವೆ. ಅದೇ ಅರಳುವುದು. ತೇಲುವುದಕ್ಕೂ ಆ ಗಾಳಿಯೇ ಕಾರಣ. ಮೇಕೆಯ ಕೂದಲಿನಲ್ಲಿ ಅಷ್ಟು ಪೊಳ್ಳು ಇಲ್ಲ. ನೀವು ಎಷ್ಟು ಬಿಗಿದರೂ ಅಕ್ಕಿಯನ್ನು ಹಿಂಡಿ ಮಂಡಕ್ಕಿ ಮಾಡಿದ ಹಾಗೆ.

ಜಿಂಕೆಯಲ್ಲೂ ಎಲ್ಲ ಕೂದಲು ಒಂದೇ ಅಲ್ಲ. ಹೊಟ್ಟೆ, ಹಿಂಭಾಗದ ಕೂದಲು ಜಾಸ್ತಿ ಪೊಳ್ಳು, ಮೈ ಕಟ್ಟಲು ಅದು. ಕಾಲಿನ, ಮುಖದ ಕೂದಲು ಗಟ್ಟಿ, ಅಷ್ಟು ಅರಳುವುದಿಲ್ಲ, ಬಾಲಕ್ಕೆ ಅದು. ಜೂನಿನಲ್ಲಿ ಅಂಗಡಿಗೆ ಹೋದಾಗ ಇದನ್ನು ಕೇಳಿ ತೆಗೆದುಕೊಳ್ಳಿ.

ಇನ್ನು ದಾರ. ಸರ್, ನೀವು ಮೋಸ ಹೋದದ್ದು ನಿಮ್ಮ ಅನುಭವದಿಂದಲೇ! ಹತ್ತಿ ಮಿಲ್ಲಿನ ಕೌಂಟ್‌ನಲ್ಲಿ ನಂಬರು ಏರಿದಷ್ಟೂ ನೂಲು ಸಣ್ಣ. ಒಂದು ಪೌಂಡಿಗೆ 840 ಗಜದ ಎಷ್ಟು ಹ್ಯಾಂಕ್ ಅನ್ನುವ ಲೆಕ್ಕ ಅದು, ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಫ್ಲೈ ಕಟ್ಟುವ ದಾರಕ್ಕೆ ಡೆನಿಯರ್ ಲೆಕ್ಕ. 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು ಡೆನಿಯರ್. ಇಲ್ಲಿ ನಂಬರು ಏರಿದಷ್ಟೂ ದಪ್ಪ. 5315ನ್ನು ಡೆನಿಯರ್‌ನಿಂದ ಭಾಗಿಸಿದರೆ ನಿಮ್ಮ ಕೌಂಟ್ ಬರುತ್ತದೆ. ನೀವು ತಂದ 70 ಅಂದರೆ ಸುಮಾರು 76ರ ಕೌಂಟ್, ಬಿಟ್ಟು ಬಂದ 140 ಅಂದರೆ 38ರ ಕೌಂಟ್. ಕೂದಲು ಅರಳಿಸಲು 140 ಬೇಕು. 70 ಇರಲಿ, ಮುಂದಿನ ಗರಿ ಸುತ್ತಲು, ತಲೆ ಕಟ್ಟಲು ಚೆನ್ನಾಗಿ ಬರುತ್ತದೆ.

ಕಟ್ಟುವಾಗ ಹೆಚ್ಚಿನವರು ತಪ್ಪುವ ಜಾಗ ಎರಡು. ನಾನೂ ತಪ್ಪಿದ್ದೇನೆ. ಒಂದು, ಕೂದಲಿನ ಬುಡದ ಮೃದು ಉಣ್ಣೆ ತೆಗೆಯದಿರುವುದು. ಅದು ಒಂದು ಎಳೆ ಉಳಿದರೂ ಕೂದಲು ತಿರುಗದೆ ಒಂದೇ ಕಡೆ ಗುಂಪಾಗುತ್ತದೆ. ಸೀರು ಹಣಿಗೆ ತೆಗೆದುಕೊಂಡು ಬುಡದಿಂದ ಚೆನ್ನಾಗಿ ಬಾಚಿ, ಇದಕ್ಕೆ ಅಂತಲೇ ಮಾರುವ ಬಾಚಣಿಗೆಗಿಂತ ನಮ್ಮ ಹೇನಿನ ಹಣಿಗೆಯೇ ಮೇಲು. ಎರಡನೆಯದು, ಮೈ ಬರುವ ಜಾಗದಲ್ಲಿ ಮೊದಲೇ ದಾರ ಸುತ್ತಿಬಿಡುವುದು. ಬಾಲ ಕಟ್ಟಿದ ಮೇಲೆ ಅದರ ಮುಂದೆ ಬರಿ ಕಬ್ಬಿಣ ಇರಬೇಕು. ಬರಿ ಕಬ್ಬಿಣದ ಮೇಲೆ ಕೂದಲು ಜಾರಿ ತಿರುಗುತ್ತದೆ, ದಾರದ ಮೇಲೆ ತಿರುಗುವುದಿಲ್ಲ.

12ರ ಕೊಕ್ಕೆಗೆ ಬೆಂಕಿಕಡ್ಡಿಗಿಂತ ತುಸು ದಪ್ಪ ಕಂತೆ ಸಾಕು. ತುದಿ ಕತ್ತರಿಸಿ ಕೊಕ್ಕೆಯ ಮೇಲೆ ಇಡಿ. ಎರಡು ಸುತ್ತು ಸಡಿಲವಾಗಿ ಹಾಕಿ. ಮೂರನೆಯ ಸುತ್ತಿಗೆ ದಾರವನ್ನು ನಿಧಾನವಾಗಿ ಎಳೆಯುತ್ತಾ ಎಡಗೈಯ ಬೆರಳು ಸಡಿಲಿಸಿ. ಎರಡೂ ಒಟ್ಟಿಗೆ ಆಗಬೇಕು. ಬೆರಳು ಮೊದಲು ಬಿಟ್ಟರೆ ಕೂದಲು ಚೆಲ್ಲುತ್ತದೆ, ತಡವಾಗಿ ಬಿಟ್ಟರೆ ಅರಳುವುದು ಅರ್ಧಕ್ಕೆ ನಿಲ್ಲುತ್ತದೆ. ಸರಿಯಾಗಿ ಬಂದರೆ ಕೂದಲು ಕೊಕ್ಕೆಯ ಸುತ್ತ ತಾನೇ ಗಿರ್ರನೆ ತಿರುಗಿ ಹೂವಾಗುತ್ತದೆ. ತಿರುಗುವುದು ನಿಂತ ಮೇಲೆ ದಾರವನ್ನು ಕೂದಲಿನ ನಡುವೆ ಹಾವಿನ ಹಾಗೆ ಹರಿಸಿ ಮುಂದೆ ತನ್ನಿ, ಮುಂದೆ ಎರಡು ಸುತ್ತು ಗಟ್ಟಿ ಹಾಕಿ. ಆಮೇಲೆ ಬಾಲ್‌ಪೆನ್ನಿನ ಖಾಲಿ ಕೊಳವೆಯನ್ನು ಕೊಕ್ಕೆಯ ಕಣ್ಣಿನ ಕಡೆಯಿಂದ ತೂರಿಸಿ ಕೂದಲನ್ನು ಹಿಂದಕ್ಕೆ ಒತ್ತಿ. ಮತ್ತೆ ಇನ್ನೊಂದು ಕಂತೆ. ಕೊಕ್ಕೆಯ ಹಿಂದಿನ ಮೂರರಲ್ಲಿ ಎರಡು ಭಾಗಕ್ಕಿಂತ ಮುಂದೆ ಹೋಗಬೇಡಿ. ರೆಕ್ಕೆಗೂ ಗರಿಗೂ ಜಾಗ ಬೇಕು. ಎಲ್ಲರೂ ಆಸೆಗೆ ಬಿದ್ದು ಅಲ್ಲೇ ಕೆಡಿಸುತ್ತಾರೆ.

ಆಮೇಲೆ ಗಂಟು ಹಾಕಿ, ದಾರ ಕತ್ತರಿಸಿ, ಕೊಕ್ಕೆಯನ್ನು ವೈಸಿನಿಂದ ಹೊರಗೆ ತೆಗೆಯಿರಿ. ಶೇವಿಂಗ್ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಉದ್ದಕ್ಕೆ ಮುರಿಯಿರಿ. ಅರ್ಧ ಬ್ಲೇಡನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಬಿಲ್ಲಿನ ಹಾಗೆ ಬಾಗಿಸಿದರೆ ದುಂಡನೆಯ ಮೈ ಒಂದೇ ಎಳೆತಕ್ಕೆ ಬರುತ್ತದೆ. ಮೊದಲು ಹೊಟ್ಟೆ. ಅದನ್ನು ಕೊಕ್ಕೆಗೆ ಹತ್ತಿರ, ಚಪ್ಪಟೆಯಾಗಿ ಹೆರೆಯಿರಿ. ಹೊಟ್ಟೆ ದಪ್ಪ ಬಿಟ್ಟರೆ ಕೊಕ್ಕೆಯ ಬಾಯಿ ಮುಚ್ಚಿಹೋಗುತ್ತದೆ, ಮೀನು ಕಚ್ಚಿದರೂ ಚುಚ್ಚುವುದಿಲ್ಲ. ಆಮೇಲೆ ಪಕ್ಕ, ಬೆನ್ನು. ಹಿಂದೆ ಸಣ್ಣ, ಮುಂದೆ ದಪ್ಪ, ಕಡಲೆಕಾಳಿನ ಮೂತಿಯ ಹಾಗೆ. ಬಾಲವನ್ನು ಬೆರಳಲ್ಲಿ ಮುಚ್ಚಿಕೊಳ್ಳಿ. ನಾನು ಬಾಲ ಕತ್ತರಿಸಿದ್ದು ಒಂದು ಡಜನ್ನಿಗೆ ಕಡಿಮೆ ಇಲ್ಲ. ಹೆರೆದ ಮೇಲೆ ಇಡ್ಲಿ ಪಾತ್ರೆಯ ಹಬೆಗೆ ಒಂದು ಕ್ಷಣ ಹಿಡಿಯಿರಿ, ಅಡಗಿ ಕೂತ ಕೂದಲೆಲ್ಲ ಎದ್ದು ನಿಲ್ಲುತ್ತದೆ. ಇನ್ನೊಮ್ಮೆ ಹೆರೆಯಿರಿ.

ಅಲ್ಲಿಯವರೆಗೆ ಅಭ್ಯಾಸಕ್ಕೆ ನನ್ನ ಸಲಹೆ ಪ್ಲಾಸ್ಟಿಕ್ ಹಗ್ಗ. ಹೊರೆ ಕಟ್ಟುವ ಪಾಲಿಪ್ರೊಪಿಲೀನ್ ಹಗ್ಗದ ಹುರಿ ಬಿಚ್ಚಿ, ಹಣಿಗೆಯಲ್ಲಿ ಬಾಚಿ ನವಿರು ಮಾಡಿಕೊಳ್ಳಿ. ಅದು ಜಿಂಕೆ ಕೂದಲಿನ ಹಾಗೆ ತಾನೇ ಅರಳುವುದಿಲ್ಲ. ನಡುವೆ ಕಟ್ಟಿ ಎರಡೂ ತುದಿಯನ್ನು ಕೈಯಿಂದ ಎಬ್ಬಿಸಬೇಕು, ಉಲ್ಲನ್ ಕುಚ್ಚು ಮಾಡುವ ಹಾಗೆ. ಆದರೆ ನೀರಿಗಿಂತ ಹಗುರ, ತೇಲುತ್ತದೆ. ಒತ್ತುವುದು, ಹೆರೆಯುವುದು ಎರಡೂ ಅದರಲ್ಲಿ ಕಲಿಯಬಹುದು.

ಇನ್ನೊಂದು ಮಾತು, ವಿಷಯಕ್ಕೆ ಸಂಬಂಧ ಇಲ್ಲ. ನಿಮ್ಮ ಪೂಡರ್ ನದಿಯ ಪೂರ್ತಿ ಹೆಸರು ಕ್ಯಾಶ್ ಲಾ ಪೂಡರ್. ಫ್ರೆಂಚರ ಮಾತಿನಲ್ಲಿ ಮದ್ದಿನಪುಡಿ ಬಚ್ಚಿಡು ಅಂತ ಅರ್ಥ. ಹಿಮದಲ್ಲಿ ಸಿಕ್ಕಿಬಿದ್ದ ತುಪ್ಪಳದ ವ್ಯಾಪಾರಿಗಳು ಹೊರೆ ಹಗುರ ಮಾಡಲು ದಡದಲ್ಲಿ ಮದ್ದು ಹೂತಿಟ್ಟರು ಅಂತ ಅಲ್ಲಿಯ ಕಥೆ. ನಮ್ಮ ಕೋಟೆಗೆ ಬನ್ನಿ, ಮದ್ದು ಬೀಸುವ ಕಲ್ಲು ತೋರಿಸುತ್ತೇನೆ. ನಾವು ಬಚ್ಚಿಡಲಿಲ್ಲ, ಬೀಸಿದೆವು.

ಆರಿ ಸೂಜಿ (ದಾವಣಗೆರೆ)

ಕಾಕಾ, ನಾನು ಬ್ಲೌಸಿಗೆ ಆರಿ ಕೆಲಸ ಮಾಡುವವಳು. ಮೀನಿನ ವಿಷಯ ಗೊತ್ತಿಲ್ಲ, ದಾರದ ವಿಷಯ ಗೊತ್ತು. ಕಡಿಯುವುದು ಯಾವಾಗಲೂ ದಾರದ ತಪ್ಪಲ್ಲ. ಬಾಬಿನ್ ಹಿಡಿಕೆಯ ಕೊಳವೆಯ ತುದಿಯನ್ನು ಹಳೆಯ ಕಾಲುಚೀಲದ ನೈಲಾನ್ ಬಟ್ಟೆಯಲ್ಲಿ ಉಜ್ಜಿ ನೋಡಿ. ಬಟ್ಟೆ ಎಳೆ ಎಳೆಯಾದರೆ ಅಲ್ಲಿ ಮುಳ್ಳಿದೆ ಅಂತ ಅರ್ಥ. ನನ್ನ ಸೂಜಿಯನ್ನೂ ಹಾಗೇ ನೋಡುತ್ತೇನೆ. ಮುಳ್ಳಿದ್ದರೆ ಹೊಸ ದಾರ ತಂದರೂ ಕಡಿಯುತ್ತದೆ. ಆಮೇಲೆ ದಾರಕ್ಕೆ ಸ್ವಲ್ಪ ಜೇನುಮೇಣ ಸವರಿ, ಜಾರುವುದಿಲ್ಲ.

ಗಂಟಿನ ಮೇಲೆ ಹಚ್ಚಲು ಬಣ್ಣವಿಲ್ಲದ ಉಗುರು ಪಾಲಿಷ್ ಸಾಕು. ಕಾಕಿಯನ್ನು ಕೇಳದೆ ಅವರದ್ದು ತೆಗೆಯಬೇಡಿ ಅಷ್ಟೇ, ಸೀಗೆಕಾಯಿ ಲೆಕ್ಕವೇ ಇನ್ನೂ ಮುಗಿದಿಲ್ಲ ಅಲ್ವಾ.

ರಿಂಗ್‌ಫ್ರೇಮ್ ರಿಟೈರ್ಡ್ (ದಾವಣಗೆರೆ)

ಕೌಂಟಿಗೂ ಡೆನಿಯರ್‌ಗೂ ಉಲ್ಟಾ ಅಂತ ಓದಿ ಹಣೆ ಹಣೆ ಚಚ್ಚಿಕೊಂಡೆ. ಆ ಅಂಗಡಿಯ ಹುಡುಗ 140 ಕೈಗೆ ಕೊಟ್ಟಿದ್ದ. ನಾನೇ "ನನಗೆ ಕಲಿಸುತ್ತೀಯಾ, ಮೂವತ್ತು ವರ್ಷ ನೂಲಿನಲ್ಲಿದ್ದವನು" ಅನ್ನುವ ಮುಖ ಮಾಡಿ ವಾಪಸ್ ಇಟ್ಟಿದ್ದೆ. ಭಾಷೆ ಬರುತ್ತಿರಲಿಲ್ಲ, ಮುಖ ಸಾಕಾಗಿತ್ತು.

ಚರ್ಮದ ವಿಷಯ ಬಿಟ್ಟೆ. ಸಂಬಂಧಿಕರಿಗೆ ಫೋನು ಮಾಡಿ ಕಾಗದ ಇದೆಯಾ ಅಂತ ಕೇಳಿದೆ. ಹುಡುಕುತ್ತಿದ್ದಾರೆ.

ಆರಿ ತಂಗಿ ಹೇಳಿದ ಹಾಗೆ ಕಾಲುಚೀಲದಲ್ಲಿ ಉಜ್ಜಿದೆ. ಮುಳ್ಳಿತ್ತು! ಝೀರೋ ಪಾಲಿಷ್ ಪೇಪರನ್ನು ಸುರುಳಿ ಮಾಡಿ ಕೊಳವೆಯ ಬಾಯಿ ತಿಕ್ಕಿದೆ. ಈಗ 70ರ ದಾರವೂ ಅಷ್ಟು ಕಡಿಯುತ್ತಿಲ್ಲ. ಮೈಗೆ ಮಾತ್ರ ಇಲ್ಲಿಯ ಟೈಲರ್ ಅಂಗಡಿಯ ಪಾಲಿಯೆಸ್ಟರ್ ದಾರ ಹಾಕಿದೆ. ದಪ್ಪ ಜಾಸ್ತಿ, ಆದರೆ ಅಭ್ಯಾಸಕ್ಕೆ ನಡೆಯುತ್ತದೆ.

ಹಗ್ಗ ನೀಲಿ ಬಣ್ಣದ್ದು ಸಿಕ್ಕಿತು. ಹಾಗಾಗಿ ಜಗತ್ತಿನ ಮೊದಲ ನೀಲಿ ಇರ್ರೆಸಿಸ್ಟಿಬಲ್ ದಾವಣಗೆರೆಯಲ್ಲಿ ಹುಟ್ಟಿದೆ. ಮೂರು ಕಟ್ಟಿದೆ. ಎರಡರ ಬಾಲ ಹೋಯಿತು. ಗರಿಗೆ ನಾಟಿ ಕೋಳಿ ಅಂಗಡಿಯಲ್ಲಿ ಹುಂಜದ ಕತ್ತು ಕೇಳಿದರೆ "ಯಾವ ಪೂಜೆಗೆ" ಅಂದ. ಗಂಟು ಹಾಕುವುದು ನನ್ನಿಂದ ಆಗಲೇ ಇಲ್ಲ. ಆ ಅಂಗಡಿಯ ಹಿರಿಯರು ಎರಡು ಬೆರಳಲ್ಲಿ ದಾರ ತಿರುಗಿಸಿ ಹಾಕುತ್ತಿದ್ದ ಗಂಟು ನನಗೆ ಇನ್ನೂ ಮಾಯೆಯೇ. ಮನೆಯವಳು ಪಕ್ಕದಲ್ಲಿ ಕನಕಾಂಬರ ಕಟ್ಟುತ್ತಾ ಕೂತಿದ್ದಳು. ನೋಡಿ ನೋಡಿ ಬೇಸರವಾಗಿ "ಕೊಡಿ ಇಲ್ಲಿ" ಅಂದಳು. ಹೂವಿನ ತೊಟ್ಟಿಗೆ ಹಾಕುವ ಅದೇ ಕುಣಿಕೆ ನಾಲ್ಕು ಸಲ ಹಾಕಿ ಎಳೆದಳು. ಬಿಚ್ಚಲು ನೋಡಿದೆ, ಬರಲಿಲ್ಲ.

ಬಕೆಟ್ಟಿನಲ್ಲಿ ಬಿಟ್ಟರೆ ತೇಲುತ್ತದೆ. ಆದರೆ ಯಾವಾಗಲೂ ಎಡಕ್ಕೆ ವಾಲಿಕೊಂಡು. ಇದಕ್ಕೇನು ಮಾಡಲಿ?

ಕೋಟೆ ಕೆಳಗಿನವ (ಚಿತ್ರದುರ್ಗ)

ಎದುರಿನಿಂದ, ಕೊಕ್ಕೆಯ ಕಣ್ಣಿನ ಕಡೆಯಿಂದ ನೋಡಿ. ಒಂದು ಪಕ್ಕದಲ್ಲಿ ಹಗ್ಗ ಜಾಸ್ತಿ ಉಳಿದಿರುತ್ತದೆ. ನಾವು ಬಲಗೈಯವರು ಒಂದು ಪಕ್ಕ ಧೈರ್ಯವಾಗಿ ಹೆರೆಯುತ್ತೇವೆ, ಇನ್ನೊಂದು ಪಕ್ಕ ಹೆದರಿ ಬಿಡುತ್ತೇವೆ. ಗರಿಯ ಕೆಳಭಾಗವನ್ನೂ ನೋಡಿ. ಗರಿಯ ಎಳೆ ಕೊಕ್ಕೆಯ ಬಾಯಿಯ ಒಂದೂವರೆಯಷ್ಟು ಉದ್ದ ಇದ್ದರೆ ಸಾಕು. ಉದ್ದ ಜಾಸ್ತಿಯಾದರೂ ಫ್ಲೈ ಹೊರಳುತ್ತದೆ. ವಯಸ್ಸಾದ ಹುಂಜದ ಗರಿಯೇ ಬೇಕು. ಎಳೆಯದರ ಗರಿ ನೀರು ಕುಡಿದು ಮೆತ್ತಗಾಗುತ್ತದೆ.

ಅಂದ ಹಾಗೆ ಟ್ರೌಟಿಗೆ ಅಮೆರಿಕಕ್ಕೇ ಹೋಗಬೇಕಾಗಿಲ್ಲ. ಕಾಶ್ಮೀರಕ್ಕೆ 1900ರಲ್ಲೇ ಸ್ಕಾಟ್ಲೆಂಡಿನಿಂದ ಬ್ರೌನ್ ಟ್ರೌಟ್ ಮೊಟ್ಟೆ ತಂದು ಬಿಟ್ಟಿದ್ದಾರೆ. ನೀಲಗಿರಿಯ ಅವಲಾಂಚಿಯಲ್ಲಿ ಟ್ರೌಟ್ ಮೊಟ್ಟೆ ಮರಿ ಮಾಡಿಸುವ 1907ರ ಮೊಟ್ಟೆಮನೆ ಇದೆ. ನಾನು ಕಲಿತದ್ದು ಹಿಮಾಚಲದ ತೀರ್ಥನ್ ನದಿಯಲ್ಲಿ, ಮೀನುಗಾರಿಕೆ ಇಲಾಖೆಯ ಪರವಾನಗಿ ತೆಗೆದುಕೊಂಡು. ಅಲ್ಲಿಯೂ ಪೂಡರ್ ಥರದ್ದೇ ನೊರೆ ನೀರು. ತೆಳ್ಳಗಿನ ಫ್ಲೈ ಅಲ್ಲಿ ಎರಡು ಎಸೆತಕ್ಕೆ ನೆನೆದು ಮುಳುಗುತ್ತದೆ, ಕೂದಲಿನ ಮೈಯದು ನಿಲ್ಲುತ್ತದೆ.

ಸೂಳೆಕೆರೆ ಗಾಳ (ಚನ್ನಗಿರಿ)

ಆ ಟ್ರೌಟನ್ನು ನಮ್ಮ ಕೆರೆಗೂ ಬಿಟ್ಟರೆ ಆಗುವುದಿಲ್ಲವಾ?

ಕೋಟೆ ಕೆಳಗಿನವ (ಚಿತ್ರದುರ್ಗ)

ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಉಸಿರು ಕಟ್ಟುತ್ತದೆ. ಏಪ್ರಿಲ್‌ನಲ್ಲಿ ಸೂಳೆಕೆರೆಗೆ ಬಿಟ್ಟರೆ ಸಾರು ಮಾಡಿದ ಹಾಗೇ.

ರಿಂಗ್‌ಫ್ರೇಮ್ ರಿಟೈರ್ಡ್ (ದಾವಣಗೆರೆ)

ಬಲಗಡೆ ಹೆರೆದದ್ದೇ ಜಾಸ್ತಿ, ಎಡಗಡೆ ದಪ್ಪ ಉಳಿದಿತ್ತು. ಸರಿ ಮಾಡಿದೆ. ರಾತ್ರಿ ಬಕೆಟ್ಟಿನಲ್ಲಿ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ಐದೂವರೆಗೆ ಎದ್ದು ಟಾರ್ಚ್ ಹಾಕಿ ನೋಡಿದರೆ ನೆಟ್ಟಗೆ ತೇಲುತ್ತಿತ್ತು. ಮನೆಯವಳು ಸ್ನಾನಕ್ಕೆ ಆ ಬಕೆಟ್ಟೇ ಬೇಕು ಅಂತ ಬಾಗಿಲು ಬಡಿಯುತ್ತಿದ್ದಾಳೆ. ಫೋಟೊ ಸಂಜೆ ಹಾಕುತ್ತೇನೆ.